ಬಂದೂಕಿನ ಬಿಡಿಭಾಗಗಳ ಮೆರವಣಿಗೆ

ಎಲ್ಡನ್ ಕುಬಿಚೆಕ್ ಕಾನೂನು ಮುರಿಯುವ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಆ ಶನಿವಾರ ಬೆಳಿಗ್ಗೆ ಮಿಸಿಸಿಪಿ ನದಿಯ ಆಚೆ ದಡದಲ್ಲಿ, ಮೀನಿನ ಎರೆ ಮಾರುವ ಅಂಗಡಿಯ ಮುಂದೆ, ಎರಡೂ ಕೈ ಮೇಲೆತ್ತಿ ನಿಂತು ಸ್ನೇಹಿತರಿಗೆ 'ಓಡಿಹೋಗಿ' ಎಂದು ಕೂಗುತ್ತಿದ್ದ ಅವನನ್ನು ನೋಡಿದವರಿಗೆ ಬೇರೆ ಅಭಿಪ್ರಾಯ ಬಂದಿದ್ದರೆ ಅದು ಅವರ ತಪ್ಪಲ್ಲ.

ನೆಬ್ರಾಸ್ಕಾದ ನಮ್ಮ ಕ್ರಾಸ್ನಾ ಊರಿನ ಹೊರಗೆ, ನಾಲ್ಕೂ ದಿಕ್ಕಿಗೆ ಮೆಕ್ಕೆಜೋಳವೇ ಇರುವ ಒಂದು ಕೂಡುರಸ್ತೆಯಿದೆ. ಅಲ್ಲಿ 'ನಿಲ್ಲಿ' ಎಂಬ ಫಲಕವಿದೆ. ಅದಕ್ಕೆ ನಿಲ್ಲುವವನು ಎಲ್ಡನ್ ಒಬ್ಬನೇ. ನಿಂತು ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಮತ್ತೆ ಎಡಕ್ಕೆ ನೋಡಿಯೇ ಹೊರಡುತ್ತಾನೆ. ತನ್ನದೇ ಹೊಲದಲ್ಲಿ ಟ್ರ್ಯಾಕ್ಟರ್ ತಿರುಗಿಸುವಾಗಲೂ ದೀಪದ ಸನ್ನೆ ಕೊಡುತ್ತಾನೆ. ಅದು ಯಾರಿಗೆ ಎಂದು ಅವನ ಹೆಂಡತಿ ವಿಲ್ಮಾ ಕೇಳಿದಾಗ, "ಅಭ್ಯಾಸ ತಪ್ಪಬಾರದು" ಎಂದನಂತೆ. ಊರಿನ ವಾರಪತ್ರಿಕೆಯನ್ನು ಬಹಳ ಕಾಲ ನಡೆಸಿದವನು ನಾನು. ಪೊಲೀಸ್ ಸುದ್ದಿಯ ಅಂಕಣದಲ್ಲಿ ಎಲ್ಲರ ಹೆಸರೂ ಒಂದಲ್ಲ ಒಂದು ಸಲ ಬಂದಿದೆ. ಅವನದು ಬಂದಿಲ್ಲ.

ಈ ಮನುಷ್ಯನಿಗೆ ಇದ್ದ ಒಂದೇ ಒಂದು ಜಂಬವೆಂದರೆ, ಬಂದೂಕಿನ ಕಾನೂನು ತನಗೆ ಗೊತ್ತು ಎಂಬುದು. ನಮ್ಮ ಮಾಜಿ ಯೋಧರ ಸಂಘಕ್ಕೆ ಸೇನೆಯವರು ಸಾಲವಾಗಿ ಕೊಟ್ಟ ಏಳು ಹಳೆಯ ರೈಫಲ್‌ಗಳಿವೆ. ಊರಿನ ಯಾವ ಮಾಜಿ ಸೈನಿಕ ತೀರಿಕೊಂಡರೂ ಸಂಘದ ಏಳು ಜನ ಸ್ಮಶಾನದಲ್ಲಿ ಸಾಲಾಗಿ ನಿಂತು ಮೂರು ಸುತ್ತು ಕುಶಾಲತೋಪು ಹಾರಿಸುತ್ತಾರೆ. ತೋಟಾಗಳಲ್ಲಿ ಗುಂಡಿರುವುದಿಲ್ಲ, ಸದ್ದು ಮಾತ್ರ. ಆ ರೈಫಲ್‌ಗಳನ್ನು ಎಣ್ಣೆ ಹಚ್ಚಿ ಕಾಪಾಡುವ ಹೊಣೆ ಎಲ್ಡನ್‌ನದು. ಹೊಣೆಯ ಜೊತೆಗೆ ಪಾಂಡಿತ್ಯವೂ ಬಂದಿದೆ ಎಂದು ಅವನು ನಂಬಿದ್ದ.

ಸೆಪ್ಟೆಂಬರ್‌ನ ಒಂದು ಬುಧವಾರ ಇಲಿನಾಯ್ ರಾಜ್ಯದ ವಿಲೋ ಬೆಂಡ್ ಎಂಬ ಊರಿನಿಂದ ರೊಸಾಲಿ ಎಲ್ಡನ್‌ಗೆ ಫೋನ್ ಮಾಡಿದಳು. ಅವಳ ತಂದೆ ಸ್ಟಾನ್ ಪೋಸ್ಪಿಶಿಲ್ ತೀರಿಕೊಂಡಿದ್ದ. ಸ್ಟಾನ್ ನಮ್ಮವನೇ. ಮೂವತ್ತು ವರ್ಷ ಈ ತುಕಡಿಗೆ ಆಜ್ಞೆ ಕೊಟ್ಟವನು. ಮಂಡಿ ಕೈಕೊಟ್ಟ ಮೇಲೆ ಮಗಳ ಮನೆ ಸೇರಿದ್ದ. ಜನವರಿಯ ಹಿಮಗಾಳಿಯಲ್ಲಿ, ಜುಲೈ ಬಿಸಿಲಿನಲ್ಲಿ, ಊರಿನ ಪ್ರತಿಯೊಬ್ಬ ಸೈನಿಕನ ಸಮಾಧಿಯ ಎದುರು ನಿಂತವನು ಅವನು.

"ಸೇನೆಯಿಂದ ಇಬ್ಬರು ಬರ್ತಾರೆ, ಅಂಕಲ್. ಬಾವುಟ ಮಡಚ್ತಾರೆ, ಕಹಳೆ ಊದ್ತಾರೆ. ಆದ್ರೆ ತೋಪು ಹಾರಿಸೋಕೆ ಇಲ್ಲಿ ಯಾರೂ ಇಲ್ಲ. ಇಲ್ಲಿನ ಸಂಘ ಮುಚ್ಚಿ ಹೋಗಿದೆ" ಎಂದಳು ರೊಸಾಲಿ. ಅವಳು ಹೇಳಿದ್ದು ಅಷ್ಟೆ. ಬನ್ನಿ ಎಂದು ಕೂಡ ಹೇಳಲಿಲ್ಲ.

"ಶನಿವಾರ ಎಷ್ಟೊತ್ತಿಗೆ?" ಎಂದ ಎಲ್ಡನ್.

"ಹನ್ನೊಂದಕ್ಕೆ."

"ಬಂದ್ವಿ ಅಂದ್ಕೊ."

ಮರುದಿನ ಬೆಳಿಗ್ಗೆ ಧಾನ್ಯ ಸಹಕಾರ ಸಂಘದ ಕಚೇರಿಯಲ್ಲಿ ಸಭೆ ಸೇರಿತು. ಕ್ರಾಸ್ನಾದ ಸರ್ವೋಚ್ಚ ನ್ಯಾಯಾಲಯ ಅದೇ. ಕಾಫಿ ಪುಕ್ಕಟೆ, ತೀರ್ಪೂ ಪುಕ್ಕಟೆ.

"ಇದರಲ್ಲೇನಿದೆ? ನನ್ನ ಪಿಕಪ್‌ನ ಹಿಂದಿನ ಗಾಜಿಗೆ ಬಂದೂಕಿನ ಸ್ಟ್ಯಾಂಡಿದೆ. ನೇತು ಹಾಕಿ ಹೊರಟರಾಯ್ತು" ಎಂದ ಎಮಿಲ್ ಹ್ರೂಬಿ. ಅವನು ದನಗಳ ಹರಾಜು ಕೂಗುವವನು. ಗುಟ್ಟು ಹೇಳಿದರೂ ಎರಡು ಬೀದಿಗೆ ಕೇಳಿಸುತ್ತದೆ.

ಎಲ್ಡನ್ ನಕ್ಕ. ಪಂಡಿತರು ಪಾಮರರನ್ನು ಕಂಡು ನಗುವ ನಗು ಅದು. "ಅಲ್ಲಯ್ಯಾ ಎಮಿಲ್, ಇಲ್ಲಿ ಬಂದೂಕನ್ನ ಎಲ್ರಿಗೂ ಕಾಣೋ ಹಾಗೆ ಒಯ್ಯಬಹುದು. ಅಯೋವಾದಲ್ಲೂ ಯಾರೂ ಹುಬ್ಬೇರಿಸಲ್ಲ. ಮಿಸಿಸಿಪಿ ದಾಟು ನೋಡೋಣ. ಅಲ್ಲಿ ಕಾಣೋ ಹಾಗೆ ಇಟ್ಕೊಂಡ್ರೆ ಅದೇ ಅಪರಾಧ. ಇಲ್ಲಿ ಹಕ್ಕು, ಅಲ್ಲಿ ಹಗ್ಗ."

"ಹಾಗಾದ್ರೆ ಸೀಟಿನ ಕೆಳಗೆ ಬಚ್ಚಿಡೋಣ."

"ಬಚ್ಚಿಟ್ರೆ ಬಚ್ಚಿಟ್ಟಿದ್ದೇ ಇನ್ನೊಂದು ಕೇಸು! ಕೈಗೆ ಸಿಗೋ ಹಾಗಿರಬಾರದು. ಡಿಕ್ಕಿಯಿಲ್ಲದ ಗಾಡಿ ಆದ್ರೆ ಬೀಗ ಹಾಕಿದ ಪೆಟ್ಟಿಗೆ ಬೇಕು. ಡ್ಯಾಶ್‌ಬೋರ್ಡಿನ ಖಾನೆ ಲೆಕ್ಕಕ್ಕಿಲ್ಲ."

"ರೈಫಲ್ಲನ್ನ ಆ ಖಾನೇಲಿ ಇಡೋಕೆ ನಿನ್ನ ಕೈಲಾದ್ರೆ ಲೆಕ್ಕಕ್ಕೆ ತಗೋತಾರೆ ಬಿಡು" ಎಂದ ಎಮಿಲ್.

ಇಷ್ಟರವರೆಗೆ ಎಲ್ಡನ್ ಹೇಳಿದ್ದರಲ್ಲಿ ಬಹುಪಾಲು ಸರಿಯಿತ್ತು. ಅಲ್ಲಿಗೇ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಇಲಿನಾಯ್ ಕಾನೂನಿನಲ್ಲಿ ಅವನು ಇನ್ನೊಂದು ಸಾಲು ಓದಿದ್ದ: ಬಂದೂಕನ್ನು ಕಳಚಿ ಕೆಲಸಕ್ಕೆ ಬಾರದಂತೆ ಮಾಡಿರಬೇಕು. ಆ ಸಾಲಿನ ಕೆಳಗೆ ಬೇರೆ ಸಾಲುಗಳೂ ಇದ್ದವು. ಎಲ್ಡನ್ ಅವನ್ನು ಓದಲಿಲ್ಲ. ಮೊದಲನೆಯ ಸಾಲೇ ಅವನನ್ನು ಪರವಶಗೊಳಿಸಿತ್ತು.

"ಪ್ರತಿ ರೈಫಲ್ಲನ್ನೂ ಮೂರು ಭಾಗ ಮಾಡೋದು" ಎಂದ, ಕಾಫಿ ಲೋಟಗಳನ್ನು ಮೇಜಿನ ಮೇಲೆ ದೂರ ದೂರ ಜರುಗಿಸುತ್ತ. "ನಳಿಗೆಗಳು ನನ್ನ ಗಾಡೀಲಿ. ಮರದ ಹಿಡಿಗಳು ಎಮಿಲ್ ಗಾಡೀಲಿ. ಟ್ರಿಗರ್‌ಗಳು ಮಿಲೊ ಹತ್ರ. ತೋಟಾ ಇರ್ಮಾ ಕಾರಲ್ಲಿ. ಯಾವ ಗಾಡೀನ ತಡೆದು ನೋಡಿದ್ರೂ ಬಂದೂಕೇ ಸಿಗಲ್ಲ! ಇಲ್ಲದ ಬಂದೂಕಿಗೆ ಯಾವ ರಾಜ್ಯ ಕಾನೂನು ಮಾಡಿದೆ ಹೇಳಿ?"

ಆ ಯೋಚನೆಯಲ್ಲಿ ಒಂದು ಭವ್ಯತೆಯಿತ್ತು ಎಂಬುದನ್ನು ನಾನು ಈಗಲೂ ಒಪ್ಪುತ್ತೇನೆ.

ಮಿಲೊ ವ್ರಾನಾ ಕೈಯೆತ್ತಿದ. ಅವನು ವಿದ್ಯುತ್ ಕಂಬ ಹತ್ತುವ ಕೆಲಸದಲ್ಲಿದ್ದು ನಿವೃತ್ತನಾದವನು. ಹೇಳಿದ ಮಾತನ್ನು ಹೇಳಿದ ಹಾಗೇ ಪಾಲಿಸಿದ್ದರಿಂದಲೇ ಆ ಕೆಲಸದಲ್ಲಿ ಜೀವ ಉಳಿಸಿಕೊಂಡಿದ್ದ. "ಗಾಡಿಗಳು ಹತ್ರ ಬಂದ್ರೆ?"

"ಬರಲೇಬಾರದು. ನೀನು ಮುಂದೆ ಹೋಗ್ತಿರು. ಪೊಲೀಸರು ಇರೋ ಕಡೆ ನನ್ನ ಗಾಡಿ ಕಂಡ್ರೆ ದೂರ ಸರಿ. ಏನೇ ಆದ್ರೂ ದೂರ."

"ಏನೇ ಆದ್ರೂ ದೂರ" ಎಂದು ಮಿಲೊ ಹೇಳಿಕೊಂಡ. ಆ ಮಾತು ಅವನೊಳಗೆ ಸಿಮೆಂಟಿನಂತೆ ಗಟ್ಟಿಯಾಯಿತು.

ನಾನು ಸೈನಿಕನಲ್ಲ. ನನ್ನನ್ನು ಯಾಕೆ ಕರೆದೊಯ್ಯುತ್ತೀಯ ಎಂದು ಎಲ್ಡನ್‌ನನ್ನು ಕೇಳಿದೆ. "ನಮ್ಮನ್ನ ಒಳಗೆ ಹಾಕಿದ್ರೆ ಸರಿಯಾಗಿ ಬರೆಯೋರು ಒಬ್ರು ಬೇಕಲ್ಲ" ಎಂದ.

ಶುಕ್ರವಾರ ಬೆಳಿಗ್ಗೆ ಹೊರಟೆವು. ಎಲ್ಡನ್ ಪಿಕಪ್ ನಡೆಸುತ್ತಿದ್ದ, ನಾನು ಪಕ್ಕದಲ್ಲಿ. ಹಿಂದಿನ ಸೀಟಿನಲ್ಲಿ ವಿಲ್ಮಾ ಮತ್ತು ಏಳು ನಳಿಗೆಗಳು. ಅವುಗಳ ಕೆಳಗೆ ವಿಲ್ಮಾ ಎರಡು ಚಳಿಗಾಲ ಕೂತು ಹೊಲಿದ ದೊಡ್ಡ ಕೌದಿ. ನಳಿಗೆಗಳನ್ನು ಮುಚ್ಚಿರಲಿಲ್ಲ. ಇದೂ ಎಲ್ಡನ್‌ನ ತೀರ್ಪೇ. ಕಾಣುವಂತೆ ಒಯ್ಯಬಹುದಾದ ರಾಜ್ಯದಲ್ಲಿ ಮುಚ್ಚಿದರೆ, ಮುಚ್ಚಿದ್ದು ಯಾಕೆ ಎಂದು ಯಾರಾದರೂ ಕೇಳಬಹುದಂತೆ.

"ನಿನ್ನೆ ತಾನೆ ಬಂದೂಕೇ ಅಲ್ಲ ಅಂದಿದ್ದೆಯಲ್ಲ" ಎಂದಳು ವಿಲ್ಮಾ.

"ಬಂದೂಕಲ್ಲ. ಆದ್ರೂ ಅನುಮಾನ ಬರಬಾರದು."

"ಬಂದೂಕಲ್ಲದ್ದನ್ನ ತೆರೆದಿಟ್ಟುಕೊಂಡು ಅಯೋವಾ ಪೂರ್ತಿ ಮೆರವಣಿಗೆ ಹೊರಟಿದ್ದೀಯ. ಅನುಮಾನ ಯಾರಿಗೂ ಬರಲ್ಲ, ಬರೀ ಹುಚ್ಚು ಅಂದ್ಕೋತಾರೆ."

ವಿಲ್ಮಾ ಹೇಳಿದಂತೇನೂ ಆಗಲಿಲ್ಲ, ಯಾರೂ ಏನೂ ಅಂದುಕೊಳ್ಳಲಿಲ್ಲ. ಪೆಟ್ರೋಲ್ ಹಾಕಿಸಿಕೊಳ್ಳಲು ನಿಂತಾಗ ಪಕ್ಕದ ಗಾಡಿಯವನು ಕಿಟಕಿಯಲ್ಲಿ ಇಣುಕಿ, "ಹಳೇ ಸೇನೆಯವು! ನಮ್ಮಪ್ಪನ ಹತ್ರ ಒಂದಿತ್ತು" ಎಂದು ಕಣ್ಣು ಒರೆಸಿಕೊಂಡು ಹೋದ. ಎಲ್ಡನ್ ಮಾತ್ರ ಸಮವಸ್ತ್ರದಲ್ಲಿದ್ದ ಪ್ರತಿಯೊಬ್ಬರಿಗೂ ತಾನಾಗಿ ಹೋಗಿ ವಿವರ ಒಪ್ಪಿಸುತ್ತಿದ್ದ. ಪೊಲೀಸರು ಮಾತಾಡಿಸಿದಾಗ ಬಚ್ಚಿಟ್ಟ ಪಿಸ್ತೂಲಿದ್ದರೆ ತಿಳಿಸಬೇಕೆಂಬ ನಿಯಮ ನಮ್ಮ ಕಡೆಯಿದೆ. ಅದನ್ನು ಅವನು ವಿಸ್ತರಿಸಿಕೊಂಡಿದ್ದ. ಹೀಗೆ ಒಬ್ಬ ಅಂಚೆಯವನಿಗೂ, ಹೋಟೆಲಿನ ಬಾಗಿಲಲ್ಲಿ ನಿಂತ ಕಾವಲುಗಾರನಿಗೂ, ಶಾಲೆಯ ಬ್ಯಾಂಡ್ ತಂಡದ ಒಬ್ಬ ಡೋಲಿನವನಿಗೂ ನಮ್ಮ ನಳಿಗೆಗಳ ವಿಷಯ ತಿಳಿಯಿತು. ಡೋಲಿನವನು ಅಭಿನಂದನೆ ಹೇಳಿದ.

ಮಿಲೊ ಎಲ್ಲೋ ಮುಂದಿದ್ದ. ಗಾಡಿ ನಡೆಸುವಾಗ ಫೋನ್ ಮುಟ್ಟಬಾರದೆಂದು ಅದನ್ನು ಆರಿಸಿಟ್ಟಿದ್ದ. ಇರ್ಮಾ ಸೆಡ್ಲಾಕ್ ಇನ್ನೂ ಮುಂದೆ. ಅವಳು ನಮ್ಮ ಚರ್ಚಿನಲ್ಲಿ ಆರ್ಗನ್ ನುಡಿಸುವವಳು. ಶನಿವಾರ ಮುಂಜಾನೆಯೇ ವಿಲೋ ಬೆಂಡ್ ತಲುಪಿ, ತಿಥಿಯೂಟಕ್ಕೆಂದು ತಂದ ಗಸಗಸೆ ತುಂಬಿದ ಕೊಲಾಚಿ ಬನ್ನುಗಳನ್ನು ಅಲ್ಲಿನ ಚರ್ಚಿನ ನೆಲಮಾಳಿಗೆಗೆ ಇಳಿಸಿದ್ದಳು. ತೋಟಾಗಳು ಕೊಲಾಚಿ ತಟ್ಟೆಗಳ ಕೆಳಗಿದ್ದವು.

ನಾವು ರಾತ್ರಿ ಅಯೋವಾದಲ್ಲೇ ತಂಗಿ ಶನಿವಾರ ಬೆಳಿಗ್ಗೆ ಹೊರಟೆವು. ಸಂಕಟ ಸೇತುವೆಯ ಮೇಲೆ ಶುರುವಾಯಿತು.

ಎಲ್ಡನ್‌ನ ಲೆಕ್ಕದಲ್ಲಿ ನಳಿಗೆಗಳು ಅಯೋವಾದ ಕೊನೆಯ ಅಂಗುಲದವರೆಗೆ ತೆರೆದಿರಬೇಕು, ಇಲಿನಾಯ್‌ನ ಮೊದಲ ಅಂಗುಲದಿಂದ ಮುಚ್ಚಿರಬೇಕು. ಗಡಿ ಇರುವುದು ನದಿಯ ನಡುವೆ. ಹಾಗಾಗಿ ಹೆದ್ದಾರಿಯ ಸೇತುವೆಯ ಮೇಲೆ, ಹಿಂದೆ ಲಾರಿಗಳು ಅಬ್ಬರಿಸುತ್ತಿರುವಾಗ, ಗಾಡಿಯನ್ನು ನಡಿಗೆಯ ವೇಗಕ್ಕೆ ಇಳಿಸಿ ಕತ್ತು ಹೊರಚಾಚಿ ನೀರು ನೋಡತೊಡಗಿದ.

"ವಿಲ್ಮಾ, ತಯಾರಾ? ಈಗ... ಇನ್ನೂ ಇಲ್ಲ... ಇನ್ನೊಂದು ಕಂಬ..."

"ನದಿ ನಡುವೆ ಯಾರಾದ್ರೂ ಗೆರೆ ಎಳೆದಿದ್ದಾರಾ?"

"ಮುಚ್ಚು! ಮುಚ್ಚು!"

ವಿಲ್ಮಾ ಕೌದಿಯ ಅಂಚು ಎತ್ತಿ ಮುಚ್ಚಿದಳು. ಅದೇ ಕ್ಷಣಕ್ಕೆ ಹಿಂದಿನಿಂದ ಪೊಲೀಸ್ ದೀಪಗಳು ಹೊತ್ತಿಕೊಂಡವು.

ಸೇತುವೆ ಇಳಿದೊಡನೆ ಎರೆ ಅಂಗಡಿಯ ಜಲ್ಲಿ ಅಂಗಳದಲ್ಲಿ ನಮ್ಮನ್ನು ನಿಲ್ಲಿಸಿದರು. ಬಂದವಳು ಮೂವತ್ತು ದಾಟಿರದ ಪೊಲೀಸ್ ಡೆಪ್ಯುಟಿ. ಎದೆಯ ಮೇಲೆ 'ಲೂನಾ' ಎಂಬ ಹೆಸರಿತ್ತು. ಎದುರಿಗೆ ಗಾಳ ಹಿಡಿದಿದ್ದ ನಾಲ್ಕೈದು ಜನ ಮೀನನ್ನು ಮರೆತು ನಮ್ಮ ಕಡೆ ತಿರುಗಿದರು.

"ಸೇತುವೆ ಮೇಲೆ ಯಾಕೆ ನಿಲ್ಸಿದ್ರಿ, ಸರ್?"

"ನಿಲ್ಸಿಲ್ಲ ಆಫೀಸರ್. ನಿಧಾನ ಮಾಡಿದೆ. ರಾಜ್ಯದ ಗಡಿ ಹುಡುಕ್ತಿದ್ದೆ."

"ಬೋರ್ಡ್ ಹಾಕಿದೆಯಲ್ಲ."

"ಬೋರ್ಡನ್ನ ಕಂಬ ಇರೋ ಕಡೆ ಹಾಕ್ತಾರೆ. ಗಡಿ ಇರೋ ಕಡೆ ಅಲ್ಲ."

ಲೂನಾ ತಿರುಗಿ ಸೇತುವೆಯನ್ನೊಮ್ಮೆ ನೋಡಿದಳು. "ಗಡಿ ಯಾಕೆ ಬೇಕಿತ್ತು?"

"ಹೊದಿಸೋಕೆ."

"ಏನನ್ನ?"

ಎಲ್ಡನ್ ಬೆನ್ನು ನೆಟ್ಟಗೆ ಮಾಡಿದ. ಈ ಗಳಿಗೆಗಾಗಿ ಅವನು ಎರಡು ದಿನದಿಂದ ಅಭ್ಯಾಸ ಮಾಡಿದ್ದ. "ಆಫೀಸರ್, ನನ್ನ ಹತ್ರ ಬಂದೂಕು ಇಲ್ಲ."

ಲೂನಾಳ ಕೈ ಸೊಂಟದ ಬಳಿ ತಾನಾಗಿ ನಿಂತಿತು. "ಬಂದೂಕಿನ ವಿಷಯ ನಾನು ಕೇಳಲಿಲ್ಲ."

"ಕೇಳೋಕೆ ಮುಂಚೆ ಹೇಳ್ಬೇಕು ಅಂತ ನಮ್ಮ ಕಡೆ ನಿಯಮ."

"ಅದು ಇದ್ದಾಗ ಹೇಳೋ ನಿಯಮ!"

"ಇಲ್ಲದಾಗ ಹೇಳಬಾರದು ಅಂತ ಎಲ್ಲೂ ಬರೆದಿಲ್ವಲ್ಲ?"

ಹಿಂದಿನ ಸೀಟಿನಿಂದ ವಿಲ್ಮಾ ನಿಟ್ಟುಸಿರು ಬಿಟ್ಟಳು. "ನೋಡಮ್ಮಾ, ಇಲ್ಲಿ ಕೌದಿ ಒಳಗೆ ಏಳು ನಳಿಗೆ ಇವೆ. ಶವಸಂಸ್ಕಾರಕ್ಕೆ ಹೊರಟಿದ್ದೀವಿ. ಇವನು ಒಳ್ಳೇ ಮನುಷ್ಯ. ಇವನ ಮಾತೊಂದು ಕೇಳ್ಬೇಡ."

ನಳಿಗೆ, ಏಳು, ಶವ ಎಂಬ ಮೂರು ಮಾತುಗಳು ಒಟ್ಟಿಗೆ ಕೇಳಿದ್ದು ಲೂನಾಳಿಗೆ ಹಿಡಿಸಲಿಲ್ಲ. ಎಲ್ಲರನ್ನೂ ಕೆಳಗಿಳಿಸಿ, ಕೈ ಮೇಲೆತ್ತಿಸಿ, ರೇಡಿಯೊದಲ್ಲಿ ಸಹಾಯ ಕೇಳಿದಳು. ಅಷ್ಟರಲ್ಲಿ ನಮ್ಮ ಹಿಂದೆ ಬರುತ್ತಿದ್ದ ಎಮಿಲ್ ನಮ್ಮನ್ನು ಕಂಡ. ಸ್ನೇಹಿತ ಕಷ್ಟದಲ್ಲಿರುವುದನ್ನು ನೋಡಿ ಸುಮ್ಮನೆ ಹೋಗುವವನಲ್ಲ ಅವನು. ನಾಲ್ವರು ಮುದುಕರನ್ನೂ ಏಳು ಹಿಡಿಮರಗಳನ್ನೂ ಹೊತ್ತು ನೇರ ಅಂಗಳಕ್ಕೆ ನುಗ್ಗಿದ.

"ಬರಬೇಡ!" ಎಂದು ಎಲ್ಡನ್ ಕೈ ಮೇಲೆತ್ತಿಕೊಂಡೇ ಚೀರಿದ. "ಎಮಿಲ್! ಓಡಿಹೋಗು! ಹತ್ರ ಬಂದ್ರೆ ಬಂದೂಕಾಗತ್ತೆ!"

"ಏನಾಗತ್ತೆ?" ಎಮಿಲ್‌ನ ಕೂಗಿಗೆ ನದಿಯ ಮೇಲಿದ್ದ ಬಾತುಗಳು ಹಾರಿದವು.

"ಬಂದೂಕು! ನೀನು ಅರ್ಧ, ನಾನು ಅರ್ಧ!"

"ನೀವು ಎಷ್ಟು ಜನ ಇದ್ದೀರಿ?" ಎಂದಳು ಲೂನಾ. ಅವಳ ದನಿ ಏರಿತ್ತು.

"ಏಳು ಜನ. ಟ್ರಿಗರ್ ಮುಂದೆ ಹೋಗಿದೆ" ಎಂದ ಎಲ್ಡನ್, ಪ್ರಾಮಾಣಿಕವಾಗಿ.

ಅಂಗಳದ ಮಧ್ಯೆ ಎಮಿಲ್ ಹತ್ತಿರ ಬರಲು, ಎಲ್ಡನ್ ಅವನನ್ನು ದೂರವಿಡಲು ಹೆಣಗುತ್ತಿದ್ದರು. ಗಾಳ ಹಿಡಿದವರಲ್ಲಿ ಒಬ್ಬ ಇನ್ನೊಬ್ಬನಿಗೆ, "ದುಡ್ಡು ಕೊಟ್ರೂ ಇಂಥದ್ದು ಸಿಗಲ್ಲ" ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಇನ್ನೆರಡು ಕಾರುಗಳು ಬಂದವು. ಒಂದರಿಂದ ಸಾರ್ಜೆಂಟ್ ವಾಂಡರ್‌ಮೀರ್ ಇಳಿದ. ಎತ್ತರದ, ನಿಧಾನದ ಮನುಷ್ಯ. ಎಲ್ಲವನ್ನೂ ಕೇಳಿದ. ಸತ್ತವನು ಯಾರು ಎಂದು ಕೇಳಿದ. ಎಷ್ಟು ಗಂಟೆಗೆ ಎಂದು ಕೇಳಿದ. ಆಮೇಲೆ ಕಾರಿನೊಳಗೆ ಕೂತು ಕಂಪ್ಯೂಟರಿನಲ್ಲಿ ಕಾನೂನನ್ನು ಪೂರ್ತಿ ಓದಿದ. ಎಲ್ಡನ್ ನೋಡದ ಕೆಳಗಿನ ಸಾಲುಗಳನ್ನೂ ಸೇರಿಸಿ.

"ಮಿಸ್ಟರ್ ಕುಬಿಚೆಕ್" ಎಂದ ಹೊರಬಂದು, "ಸೇನೆ ಕೊಟ್ಟ ಬಂದೂಕು, ಗುಂಡಿಲ್ಲದ ತೋಟಾ, ಮಾಜಿ ಯೋಧರ ಸಂಘ. ಗೌರವಕ್ಕೆ ಹಾರಿಸೋದಾದ್ರೆ ನಿಮಗೆ ಇಲ್ಲಿ ರಾಜ್ಯದ ಬಂದೂಕು ಪರವಾನಗಿ ಕಾರ್ಡೂ ಬೇಡ. ನಿಮ್ಮಂಥವರಿಗೇ ಅಂತ ಒಂದು ಸಾಲಿದೆ."

ಎಲ್ಡನ್‌ನ ಮುಖ ಅರಳಿತು.

"ಆದ್ರೆ ಅದು ಹಾರಿಸೋವಾಗ. ದಾರೀಲಿ ಒಯ್ಯೋವಾಗ ಹೊರರಾಜ್ಯದವರು ಖಾಲಿ ಮಾಡಿ ಪೆಟ್ಟಿಗೇಲೋ ಚೀಲದಲ್ಲೋ ಮುಚ್ಚಿ ಒಯ್ಯಬೇಕು. ಅಷ್ಟೆ. ಇಡೀ ಬಂದೂಕನ್ನ ಒಂದು ಪೆಟ್ಟಿಗೇಲಿ ಹಾಕಿದ್ರೆ ಮುಗೀತಿತ್ತು."

"ಇಡೀ ಬಂದೂಕು?"

"ಇಡೀದು. ಇನ್ನೊಂದು ವಿಷಯ. ನಳಿಗೆಯ ಬುಡದಲ್ಲಿ ನಂಬರ್ ಕೆತ್ತಿರೋ ಉಕ್ಕಿನ ಭಾಗ ಇದೆಯಲ್ಲ, ಕಾನೂನಿನ ಲೆಕ್ಕದಲ್ಲಿ ಬಂದೂಕು ಅಂದ್ರೆ ಅದೇ. ನೀವು ನಾನೂರು ಮೈಲಿ ಏಳು ಬಂದೂಕು ತಂದಿದ್ದೀರಿ. ಉಳಿದವರು ಸೌದೆ ತಂದಿದ್ದಾರೆ."

ಎಮಿಲ್ ತನ್ನ ಗಾಡಿಯನ್ನು ನೋಡಿಕೊಂಡ. ಎಲ್ಡನ್ ಜಲ್ಲಿಯನ್ನು ನೋಡಿದ. ಅವನ ಕುತ್ತಿಗೆ ಬಾಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ತಪ್ಪು ನಂದು. ನನ್ನ ಮೇಲೆ ಕೇಸ್ ಹಾಕಿ ಸರ್. ಆದ್ರೆ ನಳಿಗೆಗಳನ್ನ ಕಳಿಸಿಕೊಡಿ. ಅವನು ಮೂವತ್ತು ವರ್ಷ ಎಲ್ರಿಗೂ ನಿಂತಿದ್ದಾನೆ. ಅವನಿಗೆ ಒಂದು ಸುತ್ತೂ ಇಲ್ಲ ಅಂದ್ರೆ..." ಎಲ್ಡನ್ ಕೈಗಡಿಯಾರ ನೋಡಿಕೊಂಡ.

ಹತ್ತು ಗಂಟೆಯಾಗಿತ್ತು. ವಿಲೋ ಬೆಂಡ್ ಇನ್ನೂ ಅರ್ಧ ಗಂಟೆಯ ದಾರಿ.

ಸಾರ್ಜೆಂಟ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಪೆಟ್ಟಿಗೆ ಇದ್ರೆ ಈಗಲೇ ಹೊರಡಬಹುದು. ಇದೆಯಾ?"

ಪೆಟ್ಟಿಗೆ ಇರಲಿಲ್ಲ. ಎರೆ ಅಂಗಡಿಯವನು ಮಂಜುಗಡ್ಡೆಯ ಡಬ್ಬ ತಂದ. ನಳಿಗೆ ಅರ್ಧ ಹೊರಗುಳಿಯಿತು. ಗಾಳದವನೊಬ್ಬ ತನ್ನ ಕೋಲಿನ ಕೊಳವೆ ಕೊಟ್ಟ. ಒಂದೂ ಒಳಗೆ ಹೋಗಲಿಲ್ಲ.

"ಕೌದಿ?" ಎಂದಳು ವಿಲ್ಮಾ.

"ಕೌದಿ ಹೊದಿಕೆ, ಮೇಡಂ" ಎಂದ ಸಾರ್ಜೆಂಟ್, ಸಂಕಟದಿಂದ. "ಕಾನೂನಿನಲ್ಲಿ ಪೆಟ್ಟಿಗೆ ಅಥವಾ ಬೇರೆ ಧಾರಕ ಅಂತಿದೆ. ಹೊದಿಕೆ ಧಾರಕ ಆಗಲ್ಲ. ಎರಡು ಕಡೆ ತೆರೆದಿದೆ."

"ತೆರೆದಿರದಿದ್ರೆ?"

"ಅಂದ್ರೆ?"

ವಿಲ್ಮಾ ಕೈಚೀಲದಿಂದ ದಬ್ಬಳವನ್ನೂ ಮೇಣ ಹಚ್ಚಿದ ದಾರವನ್ನೂ ತೆಗೆದಳು. ಕೌದಿ ಹೊಲಿಯುವ ಹೆಂಗಸು ಅವಿಲ್ಲದೆ ಮನೆಬಾಗಿಲು ದಾಟುವುದಿಲ್ಲ. ಪಿಕಪ್‌ನ ಹಿಂಬಾಗಿಲು ಇಳಿಸಿ, ಕೌದಿ ಹರಡಿ, ನಳಿಗೆಗಳನ್ನು ಜೋಡಿಸಿ, ಮಡಿಸಿ, ಹೊಲಿಯಲು ಕೂತಳು. ಎರಡು ಚಳಿಗಾಲದ ಕುಸುರಿಯ ಮೇಲೆ ಗೋಣಿಚೀಲದ ಹೊಲಿಗೆ ಬೀಳುತ್ತಿತ್ತು. ಅವಳು ಒಮ್ಮೆಯೂ ಕೈ ತಡೆಯಲಿಲ್ಲ. ಲೂನಾ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೈಗವಸು ಕಳಚಿ, "ಇನ್ನೊಂದು ಸೂಜಿ ಇದೆಯಾ? ನಮ್ಮಜ್ಜಿ ಕಲಿಸಿದ್ದಾರೆ" ಎಂದು ಆ ತುದಿಯಿಂದ ಶುರು ಮಾಡಿದಳು. ಗಾಳದವರು ಹತ್ತಿರ ಬಂದು ಕೌದಿಯ ಅಂಚು ಹಿಡಿದುಕೊಟ್ಟರು. ಎಮಿಲ್ ಕೂಡ.

ಎರಡು ಹೊಲಿಗೆಗಳು ಮಧ್ಯದಲ್ಲಿ ಕೂಡಿದವು. ಸಾರ್ಜೆಂಟ್ ಬಗ್ಗಿ ನಾಲ್ಕೂ ಅಂಚು ಪರೀಕ್ಷಿಸಿದ. ಬೆರಳು ತೂರಿಸಿ ನೋಡಿದ. ತೂರಲಿಲ್ಲ.

"ಧಾರಕ" ಎಂದು ಘೋಷಿಸಿದ. "ಲೂನಾ, ಮುಂದೆ ದೀಪ ಹಾಕ್ಕೊಂಡು ಹೊರಡು."

ನಾವು ವಿಲೋ ಬೆಂಡ್ ಸೇರಿದ್ದು ಹೀಗೆ: ಮುಂದೆ ಪೊಲೀಸ್ ಕಾರು, ಹಿಂದೆ ಪೊಲೀಸ್ ಕಾರು, ನಡುವೆ ಎಲ್ಡನ್, ಬೆವರುತ್ತ, ವೇಗಮಿತಿಯನ್ನು ಕೂದಲೆಳೆಯಷ್ಟೂ ಮೀರದೆ. ಲೂನಾ ಕಿಟಕಿಯಿಂದ ಕೈಬೀಸಿ ಬೇಗ ಬಾ ಎಂದು ಕರೆದರೂ ಮೀರಲಿಲ್ಲ.

ಸ್ಮಶಾನ ಒಂದು ದಿಬ್ಬದ ಮೇಲಿತ್ತು. ಸುತ್ತ ಬಳಸಿದ ಜಲ್ಲಿ ರಸ್ತೆ. ದಿಬ್ಬದ ಮೇಲೆ ರೊಸಾಲಿ, ಪಾದ್ರಿ, ಬಂಧುಗಳು, ಬಾವುಟ ಹೊದ್ದ ಶವಪೆಟ್ಟಿಗೆ, ಅದರ ಪಕ್ಕದಲ್ಲಿ ಕಂಬದಂತೆ ನಿಂತ ಇಬ್ಬರು ಯುವ ಸೈನಿಕರು. ರಸ್ತೆಯ ಆಚೆ ಬದಿಯಲ್ಲಿ ಮಿಲೊನ ಕಾರು.

"ದೇವರು ದೊಡ್ಡವನು. ಮಿಲೊ ಬಂದಿದ್ದಾನೆ" ಎಂದ ಎಲ್ಡನ್.

ಮಿಲೊ ನಮ್ಮನ್ನು ನೋಡಿದ. ನಮ್ಮ ಮುಂದಿನ ಪೊಲೀಸರನ್ನು ನೋಡಿದ. ಹಿಂದಿನ ಪೊಲೀಸರನ್ನು ನೋಡಿದ. ಕೂಡಲೇ ಗಾಡಿ ಚಾಲೂ ಮಾಡಿ ಹೊರಟ.

ನಾವು ಬಲಕ್ಕೆ ತಿರುಗಿದೆವು. ಮಿಲೊ ದಿಬ್ಬ ಸುತ್ತಿ ಎಡಕ್ಕೆ ಹೋದ. ಎಲ್ಡನ್ ಕಿಟಕಿಯಿಂದ ಕೈ ಬೀಸಿದ. ಅದನ್ನು ಮಿಲೊ 'ಇನ್ನೂ ದೂರ' ಎಂದು ಅರ್ಥ ಮಾಡಿಕೊಂಡು ವೇಗ ಹೆಚ್ಚಿಸಿದ. ಒಂದು ಸುತ್ತಾಯಿತು. ಎಮಿಲ್ ತನ್ನ ಕಿಟಕಿಯಿಂದ, "ನಿಲ್ಲೋ ಮಾರಾಯ!" ಎಂದು ಹರಾಜಿನ ದನಿಯಲ್ಲಿ ಕೂಗಿದ. ಮಿಲೊನ ಶ್ರವಣಯಂತ್ರ ಮನೆಯಲ್ಲಿತ್ತು. ಎರಡನೆಯ ಸುತ್ತು. ದಿಬ್ಬದ ಮೇಲಿನ ಬಂಧುಗಳ ತಲೆಗಳು ಒಟ್ಟಾಗಿ ತಿರುಗುತ್ತಿದ್ದವು. ಸೈನಿಕರು ಕದಲಲಿಲ್ಲ. ಅವರಲ್ಲಿ ಕಿರಿಯವನು ತುಟಿ ಕಚ್ಚಿಕೊಂಡಿದ್ದ. ಪಾದ್ರಿ, ಓದಿ ಮುಗಿದಿದ್ದ ಕೀರ್ತನೆಯನ್ನು ಮತ್ತೆ ಮೊದಲಿನಿಂದ ಓದತೊಡಗಿದ.

ಮೂರನೆಯ ಸುತ್ತಿಗೆ ರೊಸಾಲಿ ಕಪ್ಪು ಉಡುಪಿನಲ್ಲೇ ದಿಬ್ಬ ಇಳಿದು ರಸ್ತೆಯ ಮಧ್ಯೆ ನಿಂತಳು. ಮಿಲೊ ಬ್ರೇಕ್ ಹಾಕಿದ. ಅವಳು ಕಿಟಕಿಗೆ ಬಗ್ಗಿದಳು.

"ಮಿಲೊ ಅಂಕಲ್, ಸಾಕು. ಅಪ್ಪನಿಗೆ ತಡ ಆದ್ರೆ ಆಗ್ತಿರಲಿಲ್ಲ, ಗೊತ್ತಲ್ಲ."

"ಎಲ್ಡನ್ ದೂರ ಇರು ಅಂದಿದ್ದ, ಮಗಾ" ಎಂದ ಮಿಲೊ. ಅವನ ಕಣ್ಣು ತುಂಬಿತ್ತು. "ಸಾಕು, ಬಾ ಅಂತ ಇನ್ನೂ ಹೇಳಿಲ್ಲ."

ಮುಂದಿನದನ್ನು ನಾನು ಪತ್ರಿಕೆಯವನ ಕಣ್ಣಿನಲ್ಲೇ ನೋಡಿದೆ. ಏನನ್ನೂ ಹೆಚ್ಚು ಮಾಡಿ ಹೇಳುತ್ತಿಲ್ಲ. ವಿಲ್ಮಾ ಕತ್ತರಿಯಿಂದ ಹೊಲಿಗೆ ಬಿಚ್ಚಿದಳು. ಇರ್ಮಾ ಗಸಗಸೆ ಅಂಟಿದ ತೋಟಾಗಳನ್ನು ತನ್ನ ಮೇಲಂಗಿಯ ಅಂಚಿನಿಂದ ಒರೆಸುತ್ತ ಓಡಿಬಂದಳು. ಏಳು ಮುದುಕರು ಪಿಕಪ್‌ನ ಹಿಂಬಾಗಿಲಿನ ಸುತ್ತ ನಿಂತರು. ಇವರಲ್ಲಿ ಒಬ್ಬನಿಗೆ ಅಂಗಿಯ ಗುಂಡಿ ಹಾಕಲು ಹೆಂಡತಿ ಬೇಕು. ಇನ್ನೊಬ್ಬನ ಕೈ ನಡುಗಿ ಕಾಫಿ ಚೆಲ್ಲುತ್ತದೆ. ನಳಿಗೆ, ಮರ, ಟ್ರಿಗರ್ ಮುಟ್ಟಿದೊಡನೆ ಆ ಕೈಗಳು ಬೇರೆಯವರ ಕೈಗಳಾದವು. ಯಾರೂ ಕೆಳಗೆ ನೋಡಲಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಕಣ್ಣು ಕಟ್ಟಿ ಕಲಿಸಿದ್ದು ಅಲ್ಲೇ ಇತ್ತು. ಕಟಕ್ ಎಂಬ ಸದ್ದು ಏಳು ಸಲ ಕೇಳಿಸಿತು. ಸೈನಿಕರಲ್ಲಿ ಕಿರಿಯವನು ಈಗ ತುಟಿ ಕಚ್ಚುತ್ತಿರಲಿಲ್ಲ.

ಸಾಲಾಗಿ ನಿಂತರು. ಸ್ಟಾನ್ ಊರು ಬಿಟ್ಟ ಮೇಲೆ ಆಜ್ಞೆಯ ಕೆಲಸ ಎಮಿಲ್‌ಗೆ ಬಂದಿತ್ತು. ಸಾಲಿನ ತುದಿಯಲ್ಲಿ ತಾನೂ ರೈಫಲ್ ಹಿಡಿದು ಆಜ್ಞೆ ಕೂಗಿದ. ಮೂರು ಸುತ್ತು ಹಾರಿತು. ಮೂರು ಸಲವೂ ಏಳು ರೈಫಲ್‌ಗಳಿಂದ ಬಂದದ್ದು ಒಂದೇ ಸದ್ದು. ಅದಾದ ಮೇಲೆ ಕಹಳೆ ಮೊಳಗಿತು. ಗಾಳಿಯಲ್ಲಿ ಸ್ವಲ್ಪ ಹೊತ್ತು ಮದ್ದಿನ ವಾಸನೆ ನಿಂತಿತ್ತು.

ಸೈನಿಕರು ಬಾವುಟ ಮಡಚಿ ರೊಸಾಲಿಯ ಕೈಗಿಟ್ಟರು. ಸುಟ್ಟ ತೋಟಾದ ಮೂರು ಹಿತ್ತಾಳೆ ಕೋಶಗಳನ್ನು ಮನೆಯವರಿಗೆ ಕೊಡುವುದು ಪದ್ಧತಿ, ಸುತ್ತಿಗೆ ಒಂದರಂತೆ. ಎಲ್ಡನ್ ಹುಲ್ಲಿನಿಂದ ಅವನ್ನು ಹೆಕ್ಕಿ, ಕರವಸ್ತ್ರದಲ್ಲಿ ಉಜ್ಜಿ ಹೊಳಪು ಮಾಡಿ, ರೊಸಾಲಿಯ ಎದುರು ಬಂದು ನಿಂತ. ನಿಂತವನು ನಿಂತೇ ಇದ್ದ. ಕೈ ಮುಂದೆ ಚಾಚಲಿಲ್ಲ. ಅವನು ನಿಧಾನವಾಗಿ ಸಾರ್ಜೆಂಟ್ ಕಡೆ ತಿರುಗಿದ.

"ಸರ್" ಎಂದ, ಪಿಸುಮಾತಿನಲ್ಲಿ. "ಇವಳು ಇಲಿನಾಯ್‌ನವಳು. ನಾನು ನೆಬ್ರಾಸ್ಕಾದವನು. ಇದು ಹಿಂದೊಮ್ಮೆ ತೋಟಾ ಆಗಿತ್ತು. ರಾಜ್ಯದಿಂದ ರಾಜ್ಯಕ್ಕೆ ಕೊಟ್ಟ ಹಾಗೆ ಆಗತ್ತಾ?"

ವಿಲ್ಮಾ ಕಣ್ಣು ಮುಚ್ಚಿಕೊಂಡಳು. ಎಮಿಲ್ ಏನೋ ಹೇಳಲು ಬಾಯಿ ತೆರೆದ. ಅವನನ್ನು ಮಿಲೊ ಮೊಣಕೈಯಿಂದ ತಿವಿದ.

ನಗು ಬರುವ ಪ್ರಶ್ನೆ ಅದು. ಸಾರ್ಜೆಂಟ್ ವಾಂಡರ್‌ಮೀರ್ ನಗಲಿಲ್ಲ. ಆ ಮನುಷ್ಯ ನಾನೂರು ಮೈಲಿ ಹೊತ್ತು ತಂದದ್ದು ಏನನ್ನು ಎಂದು ಅವನಿಗೆ ಅರ್ಥವಾಗಿತ್ತು. ಟೋಪಿ ತೆಗೆದು ಎದೆಗೆ ಒತ್ತಿಕೊಂಡ.

"ಇಲ್ಲ, ಮಿಸ್ಟರ್ ಕುಬಿಚೆಕ್. ಈಗ ಅದು ಬರೀ ಹಿತ್ತಾಳೆ. ಕೊಡಿ."

ಎಲ್ಡನ್ ಕೊಟ್ಟ. ರೊಸಾಲಿ ಮೂರನ್ನೂ ಮುಷ್ಟಿಯಲ್ಲಿ ಹಿಡಿದು, "ಇನ್ನೂ ಬಿಸಿ ಇದೆ" ಎಂದಳು.